ಬಸ್ಸಿನ ಮೇಲೆ ಬರೆದದ್ದು, ಸದನದಲ್ಲಿ ಹೇಳಿದ್ದು

2016ರಲ್ಲಿ ಬ್ರಿಟನ್ನಿನ ಊರೂರು ಸುತ್ತಿದ ಒಂದು ಕೆಂಪು ಬಸ್ಸಿನ ಮೈಮೇಲೆ ದಪ್ಪ ಬಿಳಿ ಅಕ್ಷರಗಳಲ್ಲಿ ಒಂದು ಲೆಕ್ಕ ಬರೆದಿತ್ತು. ಯುರೋಪಿಯನ್ ಒಕ್ಕೂಟಕ್ಕೆ ನಾವು ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತೇವೆ, ಅದರ ಬದಲು ನಮ್ಮ ಎನ್‌ಎಚ್‌ಎಸ್‌ಗೆ ಕೊಡೋಣ ಅಂತ. ಎನ್‌ಎಚ್‌ಎಸ್ ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಬ್ರಿಟಿಷರಿಗೆ ಅದರ ಮೇಲೆ ಎಂಥ ಪ್ರೀತಿ ಅನ್ನುವುದು ಅಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತು. ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೋ ಹೊರಬರಬೇಕೋ ('ಬ್ರೆಕ್ಸಿಟ್') ಎಂದು ಆ ವರ್ಷ ಬ್ರಿಟನ್ನಿನಲ್ಲಿ ಜನಮತಗಣನೆ ಇತ್ತು. ಬಸ್ಸು, ಹೊರಬರೋಣ ಎಂದು ಪ್ರಚಾರ ಮಾಡುತ್ತಿದ್ದ 'ವೋಟ್ ಲೀವ್' ಸಂಘಟನೆಯದು. ಅದರ ಮುಂದೆ ನಿಂತು ಪ್ರಚಾರ ಮಾಡಿದವರಲ್ಲಿ ಎಲ್ಲರಿಗಿಂತ ಹೆಸರಾದವರು ಬೋರಿಸ್ ಜಾನ್ಸನ್. ಆಗ ಅವರು ಸಂಸದ. ಆ ವರ್ಷದ ಮೇ ತನಕ ಲಂಡನ್ನಿನ ಮೇಯರ್ ಕೂಡ ಆಗಿದ್ದರು.

ಐದು ವರ್ಷದ ಮೇಲೆ, ಪ್ರಧಾನಿಯಾಗಿ, ಇದೇ ಜಾನ್ಸನ್ ಸಂಸತ್ತಿನಲ್ಲಿ ಇನ್ನೊಂದು ಮಾತು ಹೇಳಿದರು. ನನ್ನ ಕಚೇರಿಯಲ್ಲಿ ಕೋವಿಡ್ ನಿಯಮಗಳನ್ನೆಲ್ಲ ಪಾಲಿಸಲಾಗಿದೆ ಅಂತ. ಬಸ್ಸಿನ ಮಾತಿಗೆ ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಸದನದ ಮಾತಿಗೆ ಸಂಸತ್ ಸ್ಥಾನವೇ ಹೋಯಿತು. ಮನುಷ್ಯ ಒಬ್ಬನೇ, ದೇಶ ಒಂದೇ, ಕಾನೂನುಗಳೂ ಅವೇ. ರಾಜಕಾರಣಿಯನ್ನು ಮಾತಿಗೆ ಹೊಣೆ ಮಾಡುವುದು ಹೇಗೆ ಎಂದು ಕೇಳುವವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಸುಳ್ಳನ್ನು ಹಿಡಿಯುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಹಿಡಿದ ಮೇಲೆ ಅದನ್ನು ತಗೊಂಡು ಯಾರ ಹತ್ತಿರ ಹೋಗಬೇಕು ಅನ್ನುವುದೇ ಕಷ್ಟ.

35 ಕೋಟಿಯ ಲೆಕ್ಕ

ಮೊದಲು ಲೆಕ್ಕ ನೋಡೋಣ. 2015ರಲ್ಲಿ ನಿಯಮದ ಪ್ರಕಾರ ಬ್ರಿಟನ್ ಒಕ್ಕೂಟಕ್ಕೆ ಕೊಡಬೇಕಾಗಿದ್ದ ಹಣ ಸುಮಾರು 1,780 ಕೋಟಿ ಪೌಂಡ್. ವಾರಕ್ಕೆ ಹಂಚಿದರೆ ಹೆಚ್ಚೂಕಮ್ಮಿ ಬಸ್ಸಿನ ಮೇಲಿದ್ದ ಅಂಕಿಯೇ ಬರುತ್ತದೆ. ಆದರೆ 1984ರಲ್ಲಿ ಮಾರ್ಗರೆಟ್ ಥ್ಯಾಚರ್ ಜಗಳ ಮಾಡಿ ಒಂದು ರಿಯಾಯಿತಿ ಗಿಟ್ಟಿಸಿದ್ದರು. ಆ ರಿಯಾಯಿತಿ 2015ರಲ್ಲಿ 490 ಕೋಟಿ ಪೌಂಡ್ ಇತ್ತು. ಇದು ಕಳಿಸಿ ವಾಪಸ್ ಪಡೆಯುವ ಹಣವಲ್ಲ. ಮೊದಲೇ ಕಳೆದು, ಉಳಿದದ್ದನ್ನು ಮಾತ್ರ ಕಳಿಸುತ್ತಿದ್ದರು. ಅಂದರೆ ನಿಜವಾಗಿ ಹೋಗುತ್ತಿದ್ದದ್ದು ವಾರಕ್ಕೆ ಸುಮಾರು 24.8 ಕೋಟಿ. ಅದರಲ್ಲೂ ರೈತರ ಸಬ್ಸಿಡಿ, ಹಿಂದುಳಿದ ಪ್ರದೇಶಗಳ ಅನುದಾನ ಅಂತ ಒಕ್ಕೂಟ ಬ್ರಿಟನ್ನಿನ ಸರ್ಕಾರಿ ವಲಯಕ್ಕೆ ಒಂದಷ್ಟು ಹಣ ವಾಪಸ್ ಕೊಡುತ್ತಿತ್ತು. ಅದನ್ನೂ ಕಳೆದರೆ ವಾರಕ್ಕೆ 16 ಕೋಟಿ ಚಿಲ್ಲರೆ. ಬಸ್ಸಿನ ಮೇಲಿದ್ದ ಅಂಕಿಯ ಅರ್ಧಕ್ಕಿಂತ ಕಡಿಮೆ.

ಇದೆಲ್ಲ ಮತದಾನ ಮುಗಿದ ಮೇಲೆ ಗೊತ್ತಾದದ್ದಲ್ಲ. ಬ್ರಿಟನ್ನಿನಲ್ಲಿ ಅಂಕಿಅಂಶ ಪ್ರಾಧಿಕಾರ ಅಂತ ಒಂದಿದೆ. ಸರ್ಕಾರದ ಕೈಕೆಳಗೆ ಇಲ್ಲದ, ನೇರವಾಗಿ ಸಂಸತ್ತಿಗೆ ಉತ್ತರ ಕೊಡುವ ಸಂಸ್ಥೆ. ಅದರ ಅಧ್ಯಕ್ಷ ಸರ್ ಆಂಡ್ರ್ಯೂ ಡಿಲ್‌ನಾಟ್ 2016ರ ಏಪ್ರಿಲ್‌ನಲ್ಲೇ ಆಕ್ಷೇಪ ಎತ್ತಿದರು. ಮೇ ತಿಂಗಳಲ್ಲಿ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, ಈ ಅಂಕಿ ಜನರ ದಾರಿ ತಪ್ಪಿಸುತ್ತದೆ ಎಂದರು. ಪತ್ರಿಕೆಗಳು ಬರೆದವು, ಟಿವಿಯಲ್ಲಿ ಚರ್ಚೆಯಾಯಿತು, ಫ್ಯಾಕ್ಟ್ ಚೆಕ್ ಮಾಡುವ 'ಫುಲ್ ಫ್ಯಾಕ್ಟ್' ಸಂಸ್ಥೆ ಲೆಕ್ಕ ಬಿಡಿಸಿ ತೋರಿಸಿತು. ಬಸ್ಸು ಓಡುತ್ತಲೇ ಇತ್ತು. ಜೂನ್ ತಿಂಗಳಲ್ಲಿ ಇಪ್ಸಾಸ್ ಮೋರಿ ಸಮೀಕ್ಷೆ ಮಾಡಿದಾಗ 47 ಶೇಕಡಾ ಜನ ಆ ಅಂಕಿ ನಿಜ ಎಂದರು. ಸುಳ್ಳು ಎಂದವರು 39 ಶೇಕಡಾ.

ಇಲ್ಲಿ ಇನ್ನೊಂದು ಸಂಗತಿ ಇದೆ. ಆ ಪ್ರಚಾರದ ತಲೆಯಾಗಿದ್ದ ಡೊಮಿನಿಕ್ ಕಮಿಂಗ್ಸ್ ಮರುವರ್ಷ ಒಂದು ಉದ್ದನೆಯ ಬರಹದಲ್ಲಿ, 35 ಕೋಟಿ ಮತ್ತು ಎನ್‌ಎಚ್‌ಎಸ್ ಮಾತು ಇಲ್ಲದಿದ್ದರೆ ಬಹುಶಃ ಗೆಲ್ಲುತ್ತಿರಲಿಲ್ಲ ಎಂದು ಬರೆದರು. ಎದುರಾಳಿಗಳು ಅಂಕಿ ತಪ್ಪು ತಪ್ಪು ಎಂದು ಕೂಗಿದಷ್ಟೂ ಅವರಿಗೇ ಲಾಭವಾಯಿತು. ಯಾಕೆಂದರೆ ಜಗಳ '35 ಕೋಟಿಯಾ, 25 ಕೋಟಿಯಾ' ಎನ್ನುವುದರ ಮೇಲೆ ನಿಂತಿತು. ಕೇಳಿದವನ ತಲೆಯಲ್ಲಿ ಉಳಿದದ್ದು ಒಂದೇ: ಯಾವುದೋ ದೊಡ್ಡ ಮೊತ್ತ ಪ್ರತಿ ವಾರ ಆಚೆ ಹೋಗುತ್ತಿದೆ. ಫ್ಯಾಕ್ಟ್ ಚೆಕ್ ಮಾಡಿದರೆ ಸಾಕು, ಸತ್ಯ ತಾನಾಗಿ ಗೆಲ್ಲುತ್ತದೆ ಎಂದು ನಂಬುವವರು ಈ ಬರಹವನ್ನೊಮ್ಮೆ ಓದಬೇಕು. ಓದಿದರೆ ನಿದ್ದೆ ಬರುವುದು ಕಷ್ಟ.

ಜೂನ್ 23ಕ್ಕೆ ಮತದಾನ. ಹೊರಬರೋಣ ಎಂದವರು 51.9 ಶೇಕಡಾ. (ಒಂದು ಉಪಕಥೆ: ಬ್ರಿಟನ್ನಿನಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಇದರಲ್ಲಿ ಮತವಿತ್ತು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಕನ್ನಡಿಗರೂ ವೋಟು ಹಾಕಬಹುದಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ಫ್ರೆಂಚರಿಗೆ ಆ ಹಕ್ಕು ಇರಲಿಲ್ಲ.) ಫಲಿತಾಂಶದ ಮರುಬೆಳಗ್ಗೆಯೇ ಬ್ರೆಕ್ಸಿಟ್ ಪರವಾಗಿ ಬೇರೆ ವೇದಿಕೆಯಿಂದ ಹೋರಾಡಿದ್ದ ನೈಜೆಲ್ ಫರಾಜ್ ಟಿವಿಯಲ್ಲಿ, ಆ ಹಣ ಎನ್‌ಎಚ್‌ಎಸ್‌ಗೆ ಹೋಗುತ್ತದೆ ಎಂಬ ಭರವಸೆ ನಾನು ಕೊಡಲಾರೆ, ಹಾಗೆ ಹೇಳಿದ್ದೇ ತಪ್ಪು ಎಂದುಬಿಟ್ಟರು. ಜಾನ್ಸನ್ ಮಾತ್ರ ಬಿಡಲಿಲ್ಲ. 2017ರ ಸೆಪ್ಟೆಂಬರಿನಲ್ಲಿ, ವಿದೇಶಾಂಗ ಮಂತ್ರಿಯಾಗಿದ್ದಾಗ, ಪತ್ರಿಕೆಯಲ್ಲಿ ಅದೇ ಅಂಕಿ ಮತ್ತೆ ಬರೆದರು. ಪ್ರಾಧಿಕಾರದ ಹೊಸ ಅಧ್ಯಕ್ಷ ಸರ್ ಡೇವಿಡ್ ನಾರ್‌ಗ್ರೋವ್ ಇದು ಅಧಿಕೃತ ಅಂಕಿಅಂಶದ ಸ್ಪಷ್ಟ ದುರುಪಯೋಗ ಎಂದು ಅವರಿಗೇ ಬಹಿರಂಗ ಪತ್ರ ಬರೆದರು. ಪ್ರಾಧಿಕಾರದ ಕೈಯಲ್ಲಿ ಇದ್ದದ್ದು ಅಷ್ಟೇ, ಪತ್ರ. 2018ರ ಜನವರಿಯಲ್ಲಿ ಜಾನ್ಸನ್ ಇನ್ನೂ ಮುಂದೆ ಹೋಗಿ, ಬಸ್ಸಿನ ಮೇಲಿನ ಅಂಕಿ ನಿಜಕ್ಕೂ ಕಡಿಮೆಯೇ ಆಯಿತು ಎಂದರು!

ದೂರು ಕೊಡಲು ಹೊರಟವರು

ಸೋಪಿನ ಜಾಹೀರಾತಿನಲ್ಲಿ ಇಂಥ ಅಂಕಿ ಇದ್ದಿದ್ದರೆ ಏನಾಗುತ್ತಿತ್ತು? ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ ಅದನ್ನು ತೆಗೆಸುತ್ತಿತ್ತು. ಆದರೆ ಮತದಾರರನ್ನು ಒಲಿಸುವ ಜಾಹೀರಾತುಗಳನ್ನು 1999ರಲ್ಲೇ ಅದರ ನಿಯಮಗಳಿಂದ ಹೊರಗಿಟ್ಟಿದ್ದಾರೆ. ಸೋಪು ಮಾರುವವನು ನಿಜ ಹೇಳಬೇಕು, ದೇಶದ ದಿಕ್ಕು ಬದಲಿಸಲು ಹೊರಟವನು ಹೇಳದಿದ್ದರೂ ನಡೆಯುತ್ತದೆ.

ಚುನಾವಣಾ ಆಯೋಗ? 2018ರ ಜುಲೈನಲ್ಲಿ ಅದು ವೋಟ್ ಲೀವ್‌ಗೆ 61,000 ಪೌಂಡ್ ದಂಡ ಹಾಕಿದ್ದು ನಿಜ. ಕಾರಣ ಬಸ್ಸಿನ ಬರಹವಲ್ಲ. 70 ಲಕ್ಷ ಪೌಂಡ್ ಖರ್ಚಿನ ಮಿತಿಯನ್ನು ಸುಮಾರು ನಾಲ್ಕೂವರೆ ಲಕ್ಷದಷ್ಟು ಮೀರಿದ್ದಕ್ಕೆ, ಲೆಕ್ಕ ಸರಿಯಾಗಿ ಕೊಡದಿದ್ದಕ್ಕೆ, ತನಿಖೆಗೆ ಸಹಕರಿಸದಿದ್ದಕ್ಕೆ. ಎಷ್ಟು ಖರ್ಚು ಮಾಡಿದಿರಿ ಎಂದು ಕೇಳುವ ಅಧಿಕಾರ ಆಯೋಗಕ್ಕೆ ಇತ್ತು. ಆ ಖರ್ಚಿನಲ್ಲಿ ಏನು ಹೇಳಿದಿರಿ ಎಂದು ಕೇಳುವ ಅಧಿಕಾರ ಇರಲಿಲ್ಲ.

ಕೊನೆಗೆ ಒಬ್ಬ ಯುವಕ ಕೋರ್ಟಿಗೇ ಹೋದ. ಜನರಿಂದ ಎರಡು ಲಕ್ಷ ಪೌಂಡ್‌ಗೂ ಜಾಸ್ತಿ ಚಂದಾ ಎತ್ತಿ, ಜಾನ್ಸನ್ ಮೇಲೆ ಖಾಸಗಿ ಕ್ರಿಮಿನಲ್ ಮೊಕದ್ದಮೆ ಹೂಡಿದ. ಆರೋಪ, ಸಾರ್ವಜನಿಕ ಹುದ್ದೆಯ ದುರ್ನಡತೆ. ಸಂಸದ ಮತ್ತು ಮೇಯರ್ ಆಗಿದ್ದುಕೊಂಡು, ಗೊತ್ತಿದ್ದೂ ತಪ್ಪು ಅಂಕಿ ಹೇಳಿದರು ಎನ್ನುವುದು ವಾದ. 2019ರ ಮೇ 29ರಂದು ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟಿನ ಜಿಲ್ಲಾ ನ್ಯಾಯಾಧೀಶೆ ಮಾರ್ಗೋ ಕೋಲ್‌ಮನ್ ಸಮನ್ಸ್ ಹೊರಡಿಸಿಯೇ ಬಿಟ್ಟರು. ಆಗ ಜಾನ್ಸನ್ ಪ್ರಧಾನಿ ಪಟ್ಟದ ರೇಸಿನಲ್ಲಿ ಮುಂದಿದ್ದರು. ಇಡೀ ದೇಶ ಹುಬ್ಬೇರಿಸಿತು.

ಆ ಸಮನ್ಸ್ ಹತ್ತು ದಿನವೂ ಬಾಳಲಿಲ್ಲ. ಜೂನ್ 7ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಬಹಳ ಜನ ಇದನ್ನು 'ಬಸ್ಸಿನ ಮಾತು ನಿಜ ಎಂದು ಕೋರ್ಟ್ ಹೇಳಿತು' ಎಂದು ಓದಿದರು. ಹಾಗೇನಿಲ್ಲ. ಅಂಕಿ ಸರಿಯಾ ತಪ್ಪಾ ಎನ್ನುವುದನ್ನು ಹೈಕೋರ್ಟ್ ತೀರ್ಮಾನಿಸಲೇ ಇಲ್ಲ. ಅದು ಹೇಳಿದ್ದು ಇಷ್ಟು: ಈ ಅಪರಾಧ ಸಾಬೀತಾಗಲು ಆ ವ್ಯಕ್ತಿ ಹುದ್ದೆಯ ಕೆಲಸ ಮಾಡುವಾಗಲೇ ತಪ್ಪು ಮಾಡಿರಬೇಕು. ಪ್ರಚಾರದಲ್ಲಿ ಭಾಷಣ ಮಾಡುವುದು ಮೇಯರ್ ಕೆಲಸವೂ ಅಲ್ಲ, ಸಂಸದನ ಕೆಲಸವೂ ಅಲ್ಲ. ಹುದ್ದೆಯಿಂದ ಬಂದ ಹೆಸರು ಬಳಸಿಕೊಂಡರು ಅಂದಮಾತ್ರಕ್ಕೆ ಹುದ್ದೆಯನ್ನು ಚಲಾಯಿಸಿದಂತಾಗುವುದಿಲ್ಲ. ಅಲ್ಲದೆ ಪ್ರಚಾರದ ಸುಳ್ಳುಗಳಲ್ಲಿ ಯಾವುದು ಅಪರಾಧ ಎಂದು ಸಂಸತ್ತು ಈಗಾಗಲೇ ಕಾನೂನು ಮಾಡಿದೆ, ಅದು ಬಹಳ ಚಿಕ್ಕ ಬಾಗಿಲು, ಅದನ್ನು ಕೋರ್ಟು ಅಗಲ ಮಾಡಲಾಗದು.

ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ, ಇಷ್ಟವಾಗದಿದ್ದರೂ. ಚುನಾವಣೆಯ ಪ್ರತಿ ಭಾಷಣವೂ ಕ್ರಿಮಿನಲ್ ಕೋರ್ಟಿಗೆ ಹೋಗುವಂತಾದರೆ ಮೊದಲು ಜೈಲಿಗೆ ಹೋಗುವವರು ವಿರೋಧ ಪಕ್ಷದವರೇ.

ಆ ಚಿಕ್ಕ ಬಾಗಿಲು ಏನು ಎಂಬುದನ್ನೂ ಹೇಳಿಬಿಡುತ್ತೇನೆ. ಎದುರಾಳಿ ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳು ಹೇಳಿದರೆ ಅಲ್ಲಿ ತಪ್ಪು. 2010ರಲ್ಲಿ ಲೇಬರ್ ಪಕ್ಷದ ಮಾಜಿ ಮಂತ್ರಿ ಫಿಲ್ ವೂಲಸ್ 103 ಮತಗಳಿಂದ ಗೆದ್ದಿದ್ದರು. ಎದುರಾಳಿ ತೀವ್ರವಾದಿಗಳ ಮತಕ್ಕಾಗಿ ಕೈ ಚಾಚಿದ್ದಾರೆ ಎಂದು ಕರಪತ್ರ ಹಂಚಿದ್ದರು. ಚುನಾವಣಾ ನ್ಯಾಯಾಲಯ ಅವರ ಆಯ್ಕೆ ರದ್ದು ಮಾಡಿ, ಮೂರು ವರ್ಷ ಸ್ಪರ್ಧಿಸದಂತೆ ನಿಷೇಧ ಹಾಕಿತು. ಒಬ್ಬ ಎದುರಾಳಿಯ ಮೇಲಿನ ಸುಳ್ಳಿಗೆ ಸೀಟು ಹೋಗುತ್ತದೆ. ಇಡೀ ದೇಶದ ಬಜೆಟ್ ಬಗ್ಗೆ ಏನು ಹೇಳಿದರೂ ಹೋಗುವುದಿಲ್ಲ.

ಅದೇ ಬಾಯಿ, ಬೇರೆ ಜಾಗ

2021ರ ನವೆಂಬರ್ 30. ಲಾಕ್‌ಡೌನ್ ಇದ್ದಾಗ ಪ್ರಧಾನಿಯ ಕಚೇರಿ, ಅಂದರೆ ಡೌನಿಂಗ್ ಸ್ಟ್ರೀಟಿನ 10ನೇ ನಂಬರ್ ಕಟ್ಟಡದಲ್ಲಿ ಪಾರ್ಟಿ ನಡೆದಿತ್ತು ಎಂದು 'ಡೈಲಿ ಮಿರರ್' ಬರೆಯಿತು. ಮರುದಿನ ಸದನದಲ್ಲಿ ಕೇಳಿದಾಗ ಜಾನ್ಸನ್, ಎಲ್ಲ ಮಾರ್ಗಸೂಚಿಗಳನ್ನೂ ಪೂರ್ತಿಯಾಗಿ ಪಾಲಿಸಲಾಗಿದೆ ಎಂದರು. ಡಿಸೆಂಬರ್ 7ರಂದು ಐಟಿವಿ ಒಂದು ವೀಡಿಯೊ ತೋರಿಸಿತು. ಅದರಲ್ಲಿ ಪ್ರಧಾನಿಯ ಸಿಬ್ಬಂದಿಯೇ ಪಾರ್ಟಿಯ ಬಗ್ಗೆ ತಮಾಷೆ ಮಾಡುತ್ತಿದ್ದರು. ಮರುದಿನ ಪ್ರಧಾನಿ ಮತ್ತೆ ಸದನಕ್ಕೆ ಬಂದು, ಪಾರ್ಟಿ ನಡೆದಿಲ್ಲ, ಯಾವ ನಿಯಮವೂ ಮುರಿದಿಲ್ಲ ಎಂದು ನನಗೆ ಪದೇ ಪದೇ ಭರವಸೆ ಕೊಟ್ಟಿದ್ದಾರೆ ಎಂದರು.

ಆಗ ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಜನ ಅಪ್ಪ ಅಮ್ಮನ ಅಂತ್ಯಕ್ರಿಯೆಗೂ ಹೋಗಲಾಗದೆ ಕೂತಿದ್ದ ನೆನಪು ಇನ್ನೂ ಹಸಿಯಾಗಿತ್ತು. ಸಿಟ್ಟಿಗೆ ಅದೇ ಕಾರಣ. ಆದರೆ ಸಿಟ್ಟು ಬಸ್ಸಿನ ವಿಷಯದಲ್ಲೂ ಇತ್ತಲ್ವಾ? ಈ ಸಲ ಆ ಸಿಟ್ಟಿಗೆ ಹೋಗಲು ಒಂದು ಜಾಗ ಇತ್ತು.

ಸದನದ ಮಾತೆಲ್ಲ 'ಹ್ಯಾನ್ಸಾರ್ಡ್' ಎಂಬ ಕಡತಕ್ಕೆ ಹೋಗುತ್ತದೆ. ನಾನು ಹಾಗೆ ಹೇಳಲಿಲ್ಲ ಎನ್ನುವಂತಿಲ್ಲ. ಸದನಕ್ಕೆ ಬೇಕೆಂದೇ ತಪ್ಪು ಮಾಹಿತಿ ಕೊಡುವುದು ಹಕ್ಕುಚ್ಯುತಿ. ಅದನ್ನು ವಿಚಾರಿಸಲು ಹಕ್ಕುಬಾಧ್ಯತಾ ಸಮಿತಿ ಇದೆ. ಕಾಗದಪತ್ರ ತರಿಸುವ, ಪ್ರಮಾಣ ಮಾಡಿಸಿ ವಿಚಾರಿಸುವ ಅಧಿಕಾರ ಅದಕ್ಕಿದೆ. ಮೊದಲಿಗೆ ಅಲ್ಲೂ ಅಡ್ಡಿಗಳಿದ್ದವು. ಗೊತ್ತಿದ್ದೂ ಸಂಸತ್ತಿನ ದಾರಿ ತಪ್ಪಿಸಿದ ಮಂತ್ರಿ ಪ್ರಧಾನಿಗೆ ರಾಜೀನಾಮೆ ಕೊಡಬೇಕು ಅನ್ನುತ್ತದೆ ಮಂತ್ರಿಗಳ ಸಂಹಿತೆ. ಪ್ರಧಾನಿಯೇ ಆರೋಪಿಯಾದರೆ? ಪ್ರಧಾನಿ ಸುಳ್ಳು ಹೇಳಿದ್ದಾರೆ ಎಂದು ಸದನದೊಳಗೆ ನೇರವಾಗಿ ಹೇಳುವ ಹಾಗೂ ಇಲ್ಲ, ಅದು ಅಸಂಸದೀಯ ಪದ. ಹಾಗೆ ಹೇಳಿದ್ದಕ್ಕೆ ಲೇಬರ್ ಸಂಸದೆ ಡಾನ್ ಬಟ್ಲರ್ ಅವರನ್ನು 2021ರ ಜುಲೈನಲ್ಲಿ ಆ ದಿನದ ಮಟ್ಟಿಗೆ ಹೊರಗೆ ಕಳಿಸಿದ್ದರು. ಸುಳ್ಳು ಹೇಳಿದವರು ಒಳಗೆ, ಸುಳ್ಳು ಎಂದವರು ಹೊರಗೆ.

ಗಂಟು ಬಿಚ್ಚಿದ್ದು ಪೊಲೀಸರು. ಲಂಡನ್ ಪೊಲೀಸರು ಒಟ್ಟು 126 ದಂಡದ ನೋಟಿಸ್ ಕೊಟ್ಟರು. 2022ರ ಏಪ್ರಿಲ್‌ನಲ್ಲಿ ಒಂದು ನೋಟಿಸ್ ಜಾನ್ಸನ್ ಅವರಿಗೇ ಬಂತು. 2020ರ ಜೂನ್ 19ರ ಹುಟ್ಟುಹಬ್ಬದ ಕೂಟಕ್ಕೆ. ನಿಯಮ ಮುರಿದಿಲ್ಲ ಎಂದು ಸದನದಲ್ಲಿ ಹೇಳಿದ್ದ ಮಾತು ಅಲ್ಲಿಗೆ ನಿಲ್ಲದಾಯಿತು. ಏಪ್ರಿಲ್ 21ರಂದು ಸದನ ಮತಕ್ಕೂ ಹಾಕದೆ ವಿಷಯವನ್ನು ಸಮಿತಿಗೆ ಒಪ್ಪಿಸಿತು.

ಸಮಿತಿಯಲ್ಲಿ ಏಳು ಜನ. ಅಧ್ಯಕ್ಷೆ ಲೇಬರ್ ಪಕ್ಷದ ಹ್ಯಾರಿಯೆಟ್ ಹಾರ್ಮನ್. ಆದರೆ ನಾಲ್ವರು ಜಾನ್ಸನ್ ಅವರದೇ ಕನ್ಸರ್ವೇಟಿವ್ ಪಕ್ಷದವರು. ಇದು ಮುಂದೆ ಬಹಳ ಮುಖ್ಯವಾಯಿತು. ಅಷ್ಟರಲ್ಲಿ ಬೇರೊಂದು ಹಗರಣದಲ್ಲಿ, ಅಲ್ಲೂ ಅವರ ಕಚೇರಿ ಕೊಟ್ಟ ತಪ್ಪು ಹೇಳಿಕೆಯಿಂದಲೇ, ಜಾನ್ಸನ್ ಪ್ರಧಾನಿ ಹುದ್ದೆ ಕಳೆದುಕೊಂಡರು. ವಿಚಾರಣೆ ನಿಲ್ಲಲಿಲ್ಲ. 2023ರ ಮಾರ್ಚ್ 22ರಂದು ಅವರು ಬೈಬಲ್ ಮುಟ್ಟಿ ಪ್ರಮಾಣ ಮಾಡಿ ಮೂರು ಗಂಟೆಗೂ ಹೆಚ್ಚು ಉತ್ತರ ಕೊಟ್ಟರು.

ಸಮಿತಿಯ ಪ್ರಶ್ನೆ ತುಂಬಾ ಸರಳವಾಗಿತ್ತು. ಭರವಸೆ ಕೊಟ್ಟರು ಅಂದಿರಲ್ಲ, ಯಾರು ಕೊಟ್ಟರು? ಕೆದಕಿದಾಗ ಹೊರಬಂದದ್ದು ಮಾಧ್ಯಮ ಸಲಹೆಗಾರರ ಹೆಸರುಗಳು. ಕಾನೂನು ಗೊತ್ತಿರುವ ಹಿರಿಯ ಅಧಿಕಾರಿಗಳು ಯಾರೂ ಅಂಥ ಭರವಸೆ ಕೊಟ್ಟಿರಲಿಲ್ಲ. ಅಷ್ಟೇ ಅಲ್ಲ, ಅವರ ಪ್ರಧಾನ ಆಪ್ತ ಕಾರ್ಯದರ್ಶಿ ಮಾರ್ಟಿನ್ ರೆನಾಲ್ಡ್ಸ್, ಎಲ್ಲ ಕಾಲಕ್ಕೂ ಎಲ್ಲ ಮಾರ್ಗಸೂಚಿ ಪಾಲಿಸಿದ್ದೇವೆ ಎಂದು ವಾದಿಸುವುದು ಸಾಧ್ಯವಾ ಎಂದು ಅನುಮಾನ ಎತ್ತಿದ್ದರು. ಟಿವಿ ಚರ್ಚೆಯಲ್ಲಿ ಇಂಥ ಪ್ರಶ್ನೆ ಕೇಳಿದರೆ ರಾಜಕಾರಣಿ ಬೇರೆ ವಿಷಯಕ್ಕೆ ಹಾರುತ್ತಾನೆ. ಇಲ್ಲಿ ಹಾರಲು ಜಾಗವಿರಲಿಲ್ಲ, ಯಾಕೆಂದರೆ ಕೇಳುವವರ ಮುಂದೆ ಇಮೇಲ್, ವಾಟ್ಸಾಪ್ ಸಂದೇಶ, ಫೋಟೊ ಎಲ್ಲ ಇದ್ದವು.

ವರದಿಯ ಕರಡು ಕೈಗೆ ಬಂದ ಕೂಡಲೇ, ಜೂನ್ 9ರಂದು, ಜಾನ್ಸನ್ ಇದು ನ್ಯಾಯದ ನಾಟಕ ಎಂಬರ್ಥದಲ್ಲಿ ಸಮಿತಿಯನ್ನು ಬೈದು ಸಂಸದ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕಾರಣ ಇತ್ತು. ಹತ್ತು ಕಲಾಪ ದಿನ ಅಮಾನತಾದರೂ ಸಾಕು, 2015ರ ಕಾನೂನಿನ ಪ್ರಕಾರ ಕ್ಷೇತ್ರದ ಜನ ಸಹಿ ಹಾಕಿ ಸಂಸದರನ್ನು ವಾಪಸ್ ಕರೆಸಬಹುದು. ಜೂನ್ 15ರಂದು ವರದಿ ಬಂತು: ಬೇಕೆಂದೇ ಸದನದ ದಾರಿ ತಪ್ಪಿಸಿದ್ದಾರೆ, ಇನ್ನೂ ಸಂಸದರಾಗಿದ್ದರೆ 90 ದಿನ ಅಮಾನತು ಮಾಡಬೇಕಿತ್ತು. 19ರಂದು ಸದನ 354ಕ್ಕೆ 7 ಮತಗಳಿಂದ ಒಪ್ಪಿತು. ಪರವಾಗಿ ಮತ ಹಾಕಿದವರಲ್ಲಿ 118 ಜನ ಅವರದೇ ಪಕ್ಷದವರು.

ಇದನ್ನು ಗೆಲುವು ಅನ್ನಬಹುದಾ?

ಪೂರ್ತಿ ಅಲ್ಲ. ಮಾತು ಹೇಳಿದ್ದು 2021ರ ಡಿಸೆಂಬರಿನಲ್ಲಿ, ತೀರ್ಮಾನ 2023ರ ಜೂನ್‌ನಲ್ಲಿ. ಜುಲೈನಲ್ಲಿ ಅವರ ಕ್ಷೇತ್ರದಲ್ಲಿ ಉಪಚುನಾವಣೆ ಆದಾಗ ಅವರ ಪಕ್ಷವೇ 495 ಮತಗಳಿಂದ ಸೀಟು ಉಳಿಸಿಕೊಂಡಿತು. ಅಲ್ಲಿನ ಜನರಿಗೆ ಸದನದ ಗೌರವಕ್ಕಿಂತ ಹಳೇ ಕಾರುಗಳ ಮೇಲಿನ ಹೊಗೆ ಶುಲ್ಕ ದೊಡ್ಡ ವಿಷಯವಾಗಿತ್ತು.

ಆದರೂ ಬಸ್ಸಿಗೂ ಸದನಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬಸ್ಸಿನ ಬರಹಕ್ಕೆ ಒಬ್ಬ ಹೊಣೆಗಾರನೇ ಇರಲಿಲ್ಲ. ಬರೆದ ಸಂಘಟನೆ ಮತದಾನ ಮುಗಿದ ಮೇಲೆ ಅಂಗಡಿ ಮುಚ್ಚಿತು. 'ಕೊಡೋಣ' ಎಂಬುದು ಭರವಸೆಯೋ ಸಲಹೆಯೋ ಎಂದು ಜಾರಿಕೊಳ್ಳಬಹುದಿತ್ತು. ಸದನದಲ್ಲಿ ಹೇಳಿದ ಮಾತಿಗೆ ಹೆಸರು, ತಾರೀಖು, ಪ್ರಶ್ನೆ, ಉತ್ತರ ಎಲ್ಲವೂ ಅಂಟಿಕೊಂಡಿದ್ದವು. ಇನ್ನೊಂದು, ತೀರ್ಪು ಕೊಟ್ಟವರಲ್ಲಿ ಬಹುಮತ ಅವರ ಪಕ್ಷದವರದೇ. ವಿರೋಧಿಗಳ ಪಿತೂರಿ ಎಂಬ ವಾದ ಹಾಗಾಗಿ ಹೆಚ್ಚು ದೂರ ಓಡಲಿಲ್ಲ.

ನಮ್ಮಲ್ಲಿ ಈ ಬಾಗಿಲುಗಳು ಹೇಗಿವೆ? ಬ್ರಿಟನ್ನಿನ ಆ ಚಿಕ್ಕ ಬಾಗಿಲು ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೇ ಕಲಮಿನಲ್ಲೂ ಇದೆ, ಹೆಚ್ಚೂಕಮ್ಮಿ ಅದೇ ಮಾತುಗಳಲ್ಲಿ. ಅಭ್ಯರ್ಥಿಯ ವೈಯಕ್ತಿಕ ನಡತೆಯ ಮೇಲಿನ ಸುಳ್ಳು ಮಾತ್ರ ಭ್ರಷ್ಟ ಆಚರಣೆ. ಪ್ರಣಾಳಿಕೆಯ ಭರವಸೆಗಳು 123ನೇ ಕಲಮಿನ ಭ್ರಷ್ಟ ಆಚರಣೆಯಡಿ ಬರುವುದಿಲ್ಲ ಎಂದು ತಮಿಳುನಾಡಿನ ಉಚಿತ ಟಿವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಕಾಗದದ ಮೇಲೆ ಸಹಿ ಹಾಕಿ ಹೇಳಿದ ಮಾತಾದರೆ ಕತೆ ಬೇರೆ. ಅಫಿಡವಿಟ್‌ನಲ್ಲಿ ಆಸ್ತಿ ವಿವರ ಮುಚ್ಚಿಟ್ಟಿದ್ದಾರೆ ಎಂಬ ಅರ್ಜಿಗಳ ಮೇಲೆ ಕರ್ನಾಟಕ ಹೈಕೋರ್ಟ್ 2023ರ ಸೆಪ್ಟೆಂಬರ್ 1ರಂದು ಹಾಸನದ ಸಂಸದ ಪ್ರಜ್ವಲ್ ರೇವಣ್ಣ ಅವರ 2019ರ ಆಯ್ಕೆಯನ್ನು ಅಸಿಂಧು ಎಂದಿತು. ಅಷ್ಟು ಹೊತ್ತಿಗೆ ಐದು ವರ್ಷದ ಅವಧಿಯಲ್ಲಿ ನಾಲ್ಕು ವರ್ಷ ಮುಗಿದಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನೂ ಕೊಟ್ಟಿತು.

ಸುಳ್ಳು ಸುದ್ದಿಯ ಕಾನೂನು ಎಂದರೆ ನಮ್ಮಲ್ಲಿ ಬಾಣ ಸಾಮಾನ್ಯವಾಗಿ ಇನ್ನೊಂದು ಕಡೆಗೆ ತಿರುಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ತನ್ನ ಕೆಲಸದ ಬಗ್ಗೆ ಜನ ಹೇಳಿದ್ದು ಸುಳ್ಳೋ ನಿಜವೋ ಎಂದು ತಾನೇ ಗುರುತು ಹಾಕುವ ನಿಯಮ ತಂದಿತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಅದನ್ನು ಹೊಡೆದುಹಾಕಿತು. 2025ರಲ್ಲಿ ಕರ್ನಾಟಕದಲ್ಲೂ ಸುಳ್ಳು ಸುದ್ದಿಗೆ ಏಳು ವರ್ಷದ ತನಕ ಜೈಲು ಎನ್ನುವ ಕರಡು ಮಸೂದೆ ಚರ್ಚೆಗೆ ಬಂತು. ಮಂತ್ರಿ ಹೇಳಿದ ಅಂಕಿಯನ್ನು ಪ್ರಶ್ನಿಸಲು ಇವು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಬ್ರಿಟನ್ನಿನ ಭಾಗವೇ ಆದರೂ ತನ್ನದೇ ಶಾಸನಸಭೆ ಇರುವ ವೇಲ್ಸ್‌ನಲ್ಲಿ ಮಾತ್ರ, 2024ರ ಜುಲೈನಲ್ಲಿ, ಬೇಕೆಂದೇ ವಂಚಿಸುವ ಶಾಸಕರನ್ನು ಸ್ವತಂತ್ರ ನ್ಯಾಯಿಕ ವಿಚಾರಣೆಯ ಮೂಲಕ ಅನರ್ಹಗೊಳಿಸುವ ಕಾನೂನು ತರುತ್ತೇವೆ ಎಂದು ಸರ್ಕಾರವೇ ಮಾತು ಕೊಟ್ಟಿತು.

ಹೊಸ ಕಾನೂನು ಬರುವ ತನಕ ಕೈಯಲ್ಲಿರುವುದನ್ನೇ ಬಳಸಬಹುದು. ಮಂತ್ರಿಯೊಬ್ಬರು ಸಮಾವೇಶದಲ್ಲಿ ಇಷ್ಟು ಲಕ್ಷ ಉದ್ಯೋಗ ಕೊಟ್ಟಿದ್ದೇವೆ, ಇಷ್ಟು ಮನೆ ಕಟ್ಟಿದ್ದೇವೆ ಎಂದರೆ ಅದು ಬಸ್ಸಿನ ಮೇಲಿನ ಬರಹ. ನಿಮ್ಮ ಕ್ಷೇತ್ರದ ಶಾಸಕರಿಂದ, ಅವರು ಒಪ್ಪದಿದ್ದರೆ ಪಕ್ಕದ ಕ್ಷೇತ್ರದ ವಿರೋಧ ಪಕ್ಷದವರಿಂದ, ಅದೇ ಅಂಕಿಯನ್ನು ವಿಧಾನಸಭೆಯಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಕೇಳಿಸಿ. ತಾಲ್ಲೂಕುವಾರು, ವರ್ಷವಾರು ವಿವರ ಬೇಕು ಎನ್ನಿ. ಲಿಖಿತ ಉತ್ತರ ಕಡತಕ್ಕೆ ಬರುತ್ತದೆ. ಅದರಲ್ಲಿ ಅಂಕಿ ಅರ್ಧಕ್ಕೆ ಇಳಿದಿದ್ದರೆ ಸಮಾವೇಶದ ವೀಡಿಯೊ ಪಕ್ಕಕ್ಕೆ ಇಟ್ಟು ತೋರಿಸಬಹುದು. ಇಳಿಯದೆ, ಸದನಕ್ಕೂ ಅದೇ ತಪ್ಪು ಅಂಕಿ ಕೊಟ್ಟಿದ್ದರೆ ಹಕ್ಕುಚ್ಯುತಿ ನೋಟಿಸ್ ಕೊಡಲು ದಾರಿಯಿದೆ. ಮಾಡುತ್ತೇವೆ ಎಂದು ಉತ್ತರಿಸಿ ಸುಮ್ಮನಾದರೆ ಅದನ್ನು ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿ ಇದೆ.